ಐದು ಕಾಲಿನ ಜಡೆ ತಂಗಿ ತಲೆಗೆ ಬರುತ್ತದೆ, ನನ್ನ ತಲೆಗೆ ಮಾತ್ರ ಬರುತ್ತಿಲ್ಲ

ಸೊಂಟದುದ್ದ

ಮೂರು ಕಾಲಿನ ಜಡೆಯನ್ನು ನಿದ್ದೆಗಣ್ಣಲ್ಲೂ ಹಾಕಿಕೊಳ್ಳುತ್ತೇನೆ. ಕೂದಲು ಸೊಂಟದವರೆಗೆ ಇದೆ. ನೇರ ಕೂದಲು, ದಪ್ಪ ಅಷ್ಟಕ್ಕಷ್ಟೆ. ಒಂದು ತಿಂಗಳಿನಿಂದ ಐದು ಕಾಲಿನ ಜಡೆ ಕಲಿಯಲೇಬೇಕು ಅಂತ ಹಟಕ್ಕೆ ಬಿದ್ದಿದ್ದೇನೆ. ತಂಗಿಯನ್ನು ಮುಂದೆ ಕೂರಿಸಿಕೊಂಡು ಹಾಕಿದರೆ ಚಾಪೆ ಹೆಣೆದ ಹಾಗೆ ಚಂದ ಬರುತ್ತದೆ. ಅದೇ ಕೈ, ಅದೇ ಲೆಕ್ಕ. ನನ್ನ ತಲೆಗೆ ಅಂತ ಕೈ ಹಿಂದೆ ಹೋದರೆ ಮೂರನೇ ಸುತ್ತಿಗೇ ಯಾವ ಕಾಲು ಯಾವ ಬೆರಳಲ್ಲಿದೆ ಅನ್ನುವುದೇ ತಪ್ಪಿಹೋಗುತ್ತದೆ.

ನಿನ್ನೆಯ ಕಥೆ ಕೇಳಿ. ಮುಂದೊಂದು ಕನ್ನಡಿ, ಹಿಂದೊಂದು ಕನ್ನಡಿ ಇಟ್ಟುಕೊಂಡು ನಿಂತೆ. ಕಣ್ಣು ಒಂದು ಹೇಳುತ್ತದೆ, ಕೈ ಇನ್ನೊಂದು ಮಾಡುತ್ತದೆ. ಹೇಗೋ ಅರ್ಧ ಬೆನ್ನಿನವರೆಗೆ ಹೆಣೆದೆ. ಅಷ್ಟರಲ್ಲಿ ಕೆಳಗಿನ ಕೂದಲೆಲ್ಲ ಒಂದೇ ಸಿಕ್ಕು. ಬಿಡಿಸೋಕೆ ಇಪ್ಪತ್ತು ನಿಮಿಷ. ಬಿಡಿಸಿ ನೋಡಿದರೆ ಒಂದು ಕಾಲು ಹೆಣಿಗೆಗೆ ಸೇರಿಯೇ ಇಲ್ಲ, ಪಕ್ಕದಲ್ಲಿ ಸುಮ್ನೆ ಇಳಿಬಿದ್ದಿದೆ! ತೋಳು ಬೇರೆ ಬಿದ್ದುಹೋಗುವಷ್ಟು ನೋವು.

ಸ್ವಂತ ತಲೆಗೆ ಹೆಣೆಯುವವರು ಹೇಳಿ. ಕನ್ನಡಿ ಬೇಕಾ, ಬೇಡವಾ? ಎರಡು ಕೈಯಲ್ಲಿ ಐದು ಎಳೆ ಹಿಡಿಯುವುದು ಹೇಗೆ? ಕೆಳಗೆ ಸಿಕ್ಕಾಗುವುದಕ್ಕೆ ಏನು ಮಾಡುತ್ತೀರಿ?

ಎರಡುಹೆರಳು

ಮೊದಲು ಆ ಎರಡೂ ಕನ್ನಡಿ ಎತ್ತಿಡಿ. ನಾನೂ ಒಂದು ವರ್ಷ ಕನ್ನಡಿ ಮುಂದೆ ಒದ್ದಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಮೂರು ಕಾಲಿನ ಜಡೆ ಕನ್ನಡಿ ನೋಡಿಕೊಂಡು ಹಾಕುತ್ತೀರಾ? ಇಲ್ಲ ಅಲ್ವಾ? ಅದು ಬೆರಳಿಗೆ ಗೊತ್ತು. ಐದು ಕಾಲಿನದನ್ನು ನೀವು ಕಲಿತದ್ದು ತಂಗಿಯ ಬೆನ್ನು ನೋಡಿಕೊಂಡು, ಅಂದರೆ ಕಣ್ಣಿನಿಂದ. ಈಗ ಕಣ್ಣಿಗೆ ಕೆಲಸ ಇಲ್ಲದ ಜಾಗದಲ್ಲಿ ಅದೇ ಪಾಠ ಹುಡುಕುತ್ತಿದ್ದೀರಿ.

ಇನ್ನೊಂದು ಗೊಂದಲ ‘ಮೇಲೆ’, ‘ಕೆಳಗೆ’ ಅನ್ನುವ ಮಾತಿನಲ್ಲೇ ಇದೆ. ತಂಗಿ ತಲೆಗೆ ಹಾಕುವಾಗ ‘ಮೇಲೆ’ ಅಂದರೆ ನಿಮ್ಮ ಕಡೆ. ನಿಮ್ಮ ತಲೆಗೆ ಹಾಕುವಾಗ ‘ಮೇಲೆ’ ಅಂದರೆ ನಿಮ್ಮಿಂದ ಆಚೆ! ನಾನು ಆ ಎರಡೂ ಪದ ಬಿಟ್ಟೆ. ‘ಬೆನ್ನಿನ ಕಡೆಯಿಂದ’, ‘ಹೊರಗಿನ ಕಡೆಯಿಂದ’ ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಅಂಚಿನ ಎಳೆ ಪಕ್ಕದ್ದನ್ನು ಹೊರಗಿನಿಂದ ದಾಟುತ್ತದೆ, ಅದರಾಚೆಯದನ್ನು ಬೆನ್ನಿನ ಕಡೆಯಿಂದ ದಾಟುತ್ತದೆ. ಹೀಗೆ ಹೇಳಿಕೊಂಡರೆ ಯಾರ ತಲೆಯಾದರೂ ಮಾತು ಬದಲಾಗುವುದಿಲ್ಲ.

ಕಣ್ಣು ಮುಚ್ಚಿಕೊಂಡು ಕೂತು ಬರೀ ನಾಲ್ಕು ಸಲ ದಾಟಿಸಿ. ಬಿಚ್ಚಿ. ಮತ್ತೆ ನಾಲ್ಕು ಸಲ. ಜಡೆ ಮುಗಿಸಲೇಬೇಕು ಅಂತ ಹೋಗಬೇಡಿ.

ಮೂರೇಸಾಕು

ಐದು ಕಾಲು ಯಾಕೆ ಬೇಕು ಅಂತೀನಿ. ನನ್ನ ಎರಡು ಕಾಲಿಗೇ ಚಪ್ಪಲಿ ಸಿಗುವುದಿಲ್ಲ ಬೆಳಿಗ್ಗೆ.

ಹುರಿಹಗ್ಗ

ಕೆಳಗಿನ ಸಿಕ್ಕಿನ ಬಗ್ಗೆ ನಾನು ಹೇಳುತ್ತೇನೆ. ಅದು ಸುಮ್ನೆ ಆದ ಸಿಕ್ಕಲ್ಲ. ನೀವು ಮೇಲೆ ಒಂದು ಜಡೆ ಹೆಣೆಯುತ್ತಿರುವಾಗ ಕೆಳಗೆ ತಾನಾಗೇ ಇನ್ನೊಂದು ಜಡೆ ಆಗುತ್ತಿರುತ್ತದೆ. ಮೇಲಿನದರ ಉಲ್ಟಾ ಜಡೆ.

ನಂಬಿಕೆ ಇಲ್ಲದಿದ್ದರೆ ಮೂರು ದಾರ ತೆಗೆದುಕೊಳ್ಳಿ. ಒಂದು ತುದಿ ಗಂಟು ಹಾಕಿ ಕುರ್ಚಿಗೆ ಕಟ್ಟಿ, ಇನ್ನೊಂದು ತುದಿಗೂ ಗಂಟು ಹಾಕಿ. ಈಗ ನಡುವೆ ಹೆಣೆಯಿರಿ. ಮೇಲೆ ಎಷ್ಟು ಹೆಣೆದಿರೋ ಕೆಳಗೂ ಅಷ್ಟೇ ಹೆಣೆದುಕೊಂಡಿರುತ್ತದೆ. ಕೆಳಗಿನ ಗಂಟು ಬಿಚ್ಚಿ ಎಳೆಗಳನ್ನು ಎಳೆದರೆ ಕೆಳಗಿನದು ಬಿಟ್ಟುಕೊಳ್ಳುತ್ತದೆ, ಮೇಲಿನದು ನಿಲ್ಲುತ್ತದೆ. ಉದ್ದ ಕೂದಲಿನ ತುದಿ ಗಂಟು ಹಾಕಿದ ಹಾಗೆಯೇ. ಒಂದಕ್ಕೊಂದು ಅಂಟಿಕೊಂಡಿರುತ್ತದೆ, ನಿಮ್ಮ ಸೊಂಟಕ್ಕೆ, ಕುರ್ಚಿಗೆ ತಾಗಿರುತ್ತದೆ. ಗಿಡ್ಡ ಕೂದಲಿನವರಿಗೆ ಈ ಗೋಳು ಗೊತ್ತೇ ಇರುವುದಿಲ್ಲ.

ಹಾಗಾಗಿ ದಾಟಿಸಿದ ಎಳೆಯನ್ನು ಪೂರ್ತಿ ತುದಿಯವರೆಗೂ ದಾಟಿಸಬೇಕು. ಪ್ರತಿ ಸಲ ದಾಟಿಸಿದ ಮೇಲೆ ಆ ಎಳೆಯ ಮೇಲೆ ಬೆರಳು ಜಾರಿಸಿಕೊಂಡು ಕೈ ಚಾಚುವಷ್ಟು ಕೆಳಗೆ ಹೋಗಿ. ನಿಧಾನ ಅನ್ನಿಸುತ್ತದೆ. ಆದರೆ ಕೊನೆಯಲ್ಲಿ ಇಪ್ಪತ್ತು ನಿಮಿಷ ಬಿಡಿಸುವುದಕ್ಕಿಂತ ಬೇಗ. ಐದು ಎಳೆಯ ತುದಿಗೂ ಒಂದೊಂದು ಪುಟ್ಟ ರಬ್ಬರ್ ಬ್ಯಾಂಡ್ ಹಾಕಿಕೊಂಡರೆ ಒಂದರ ಕೂದಲು ಇನ್ನೊಂದಕ್ಕೆ ಹೋಗುವುದಿಲ್ಲ. ಕಲಿಯುವಾಗ ಮಾತ್ರ, ಆಮೇಲೆ ಬೇಡ.

ಸೊಂಟದುದ್ದ

ಅಯ್ಯೋ ದೇವರೇ, ದಾರದಲ್ಲಿ ಮಾಡಿ ನೋಡಿದೆ. ನಿಜ! ಉಲ್ಟಾ ಜಡೆ! ಇಷ್ಟು ವರ್ಷ ನನ್ನ ಕೂದಲಿಗೆ ಶಾಂಪೂ ಸರಿಹೋಗುತ್ತಿಲ್ಲ ಅಂತ ಬೈದುಕೊಂಡಿದ್ದೆ.

ಕಣ್ಣು ಮುಚ್ಚಿ ನಾಲ್ಕು ಸಲದ ಅಭ್ಯಾಸ ಮಾಡಿದೆ. ನಾಲ್ಕು ಸಲ ಬರುತ್ತದೆ. ಐದನೆಯದಕ್ಕೆ ಈಗ ಎಡ ಕೈಯ ಸರದಿಯೋ ಬಲ ಕೈಯ ಸರದಿಯೋ ಅಂತ ನಿಂತುಬಿಡುತ್ತೇನೆ. ಮೂಗು ಕೆರೆಯಿತು, ಫೋನ್ ಬಂತು ಅಂದರೆ ಮುಗಿಯಿತು.

ಬೆರಳೆಣಿಕೆ

ಸರದಿ ನೆನಪಿಟ್ಟುಕೊಳ್ಳಲೇಬೇಡಿ. ಎಣಿಸಿ. ಯಾವ ಕೈಯಲ್ಲಿ ಮೂರು ಎಳೆ ಇದೆಯೋ ಆ ಕೈಯ ಸರದಿ. ಅಷ್ಟೇ.

ಹೇಗೆ ಅಂದರೆ, ಶುರುವಿನಲ್ಲಿ ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು ಹಿಡಿಯಿರಿ. ಬಲಗಡೆಯ ಅಂಚಿನ ಎಳೆ ಪಕ್ಕದ್ದನ್ನು ಹೊರಗಿನಿಂದ, ಮುಂದಿನದನ್ನು ಬೆನ್ನಿನ ಕಡೆಯಿಂದ ದಾಟಿ ಎಡಗೈಗೆ ಹೋಗುತ್ತದೆ. ಈಗ ಎಡಗೈಯಲ್ಲಿ ಮೂರು, ಬಲಗೈಯಲ್ಲಿ ಎರಡು. ಎಡಗಡೆಯ ಅಂಚಿನದು ಅದೇ ರೀತಿ ದಾಟಿ ಬಲಗೈಗೆ ಬರುತ್ತದೆ. ಮತ್ತೆ ಬಲಗೈಯಲ್ಲಿ ಮೂರು. ಜಡೆ ಮುಗಿಯುವವರೆಗೂ ಇದೇ ಆಟ. ಫೋನ್ ಬಂದರೆ ಮಾತಾಡಿ, ಎರಡು ಗುಂಪನ್ನು ಎರಡು ಕ್ಲಿಪ್ಪಿಗೆ ಸಿಕ್ಕಿಸಿ ಹೋಗಿ. ವಾಪಸ್ ಬಂದು ಮೂರು ಎಲ್ಲಿದೆ ಮುಟ್ಟಿ ನೋಡಿ. ನೀವು ನಿದ್ದೆಯಲ್ಲಿ ಹಾಕುವ ಮೂರು ಕಾಲಿನ ಜಡೆಯೂ ಇದೇ ಲೆಕ್ಕ, ಎರಡು ಇರುವ ಕೈಯ ಸರದಿ. ಏಳು ಕಾಲಿಗೆ ನಾಲ್ಕು ಇರುವ ಕೈಯದು.

ಹಿಡಿಯುವ ವಿಷಯ. ನನ್ನ ಬಲಗೈ ಹೀಗಿರುತ್ತದೆ: ಅಂಚಿನ ಎಳೆ ಕಿರುಬೆರಳು, ಉಂಗುರ ಬೆರಳು ಎರಡೂ ಮಡಚಿ ಅಂಗೈಗೆ ಒತ್ತಿಕೊಂಡಿರುತ್ತದೆ. ನಡುವಿನದು ತೋರುಬೆರಳು, ಮಧ್ಯದ ಬೆರಳಿನ ಸಂದಿಯಲ್ಲಿ. ಒಳಗಿನದು ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ. ಎಡಗೈಯಲ್ಲಿ ಎರಡೇ ಇರುವುದರಿಂದ ಅದರ ಹೆಬ್ಬೆರಳು, ತೋರುಬೆರಳು ಖಾಲಿ. ಆ ಖಾಲಿ ಬೆರಳುಗಳೇ ಬಂದು ದಾಟುವ ಎಳೆಯನ್ನು ಚಿವುಟಿ ತೆಗೆದುಕೊಂಡು ಹೋಗುತ್ತವೆ. ಕೊಡುವ ಕೈ ಸುಮ್ಮನಿರುತ್ತದೆ, ತೆಗೆದುಕೊಳ್ಳುವ ಕೈ ಓಡಾಡುತ್ತದೆ. ಇದನ್ನು ಉಲ್ಟಾ ಮಾಡಿದರೆ, ಅಂದರೆ ಮೂರು ಹಿಡಿದ ಕೈಯೇ ದಾಟಿಸಲು ಹೋದರೆ, ಒಂದು ಎಳೆ ಜಾರುವುದು ಗ್ಯಾರಂಟಿ. ನಿಮ್ಮ ಆ ‘ಇಳಿಬಿದ್ದ ಕಾಲು’ ಹೀಗೇ ಕಳೆದುಹೋಗಿರುತ್ತದೆ.

ಬೆರಳು ಎಲ್ಲರದೂ ಒಂದೇ ಥರ ಇರುವುದಿಲ್ಲ. ನಿಮ್ಮದು ಬೇರೆ ರೀತಿ ಕೂತರೆ ಹಾಗೇ ಬಿಡಿ. ಪ್ರತಿ ಸಲ ಅದೇ ರೀತಿ ಕೂತರೆ ಸಾಕು.

ಎಡಚಿ

ಎರಡೂ ಕಡೆಯಿಂದ ಯಾಕೆ ಒದ್ದಾಡುತ್ತೀರಿ? ನಾನು ಒಂದೇ ಕಡೆಯಿಂದ ಹೆಣೆಯುತ್ತೇನೆ. ಎಡ ಅಂಚಿನ ಎಳೆ ತೆಗೆದುಕೊಂಡು ಹೊರಗೆ, ಒಳಗೆ, ಹೊರಗೆ, ಒಳಗೆ ಅಂತ ಬಲ ಅಂಚಿನವರೆಗೆ ಪೂರ್ತಿ ದಾಟಿಸುವುದು. ಮತ್ತೆ ಎಡ ಅಂಚಿನದು. ಸರದಿ ಅನ್ನುವ ಪ್ರಶ್ನೆಯೇ ಇಲ್ಲ. ನಾಲ್ಕು ಕಾಲಾದರೂ ಅಷ್ಟೇ, ಆರಾದರೂ ಅಷ್ಟೇ. ನಾನು ಎಡಗೈಯವಳು, ಎಡಗಡೆಯಿಂದ ಶುರು ಮಾಡುತ್ತೇನೆ. ಬಲಗೈಯವರು ಬಲದಿಂದ ಮಾಡಲಿ.

ಬೆರಳೆಣಿಕೆ

ತಪ್ಪೇನಿಲ್ಲ, ಹೆಣಿಗೆ ಸರಿಯಾಗಿಯೇ ಬರುತ್ತದೆ. ಆದರೆ ಒಂದು ಎಳೆ ಉಳಿದ ನಾಲ್ಕನ್ನೂ ದಾಟಬೇಕು. ಬೆನ್ನ ಹಿಂದೆ ಅಷ್ಟು ದೂರ ಬೆರಳು ಹೋಗುವಾಗ ನನಗೆ ಎಲ್ಲ ಸಡಿಲ ಆಗುತ್ತದೆ. ಜೊತೆಗೆ ಜಡೆ ಒಂದು ಕಡೆಗೆ ವಾಲುತ್ತದೆ. ನಿಮಗೆ ವಾಲುವುದಿಲ್ಲವಾ?

ಎಡಚಿ

ವಾಲುತ್ತದೆ. ಹೆಗಲ ಮೇಲೆ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ 😄

ಎರಡುಹೆರಳು

ಹೆಗಲ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಉದ್ದ ಕೂದಲಿನವರು ಯಾರೂ ತುದಿಯವರೆಗೆ ಬೆನ್ನ ಹಿಂದೆಯೇ ಹೆಣೆಯುವುದಿಲ್ಲ. ಕುತ್ತಿಗೆಯಿಂದ ಒಂದು ಗೇಣು ಆದ ಮೇಲೆ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದುಕೊಳ್ಳುತ್ತೇವೆ. ಬಹಳ ಜನಕ್ಕೆ ಅಲ್ಲೇ ತಪ್ಪುವುದು. ಯಾಕೆ ಅಂತ ಗೊತ್ತಾ? ಜಡೆ ಬಲ ಹೆಗಲ ಪಕ್ಕದಿಂದ ಸುತ್ತಿಕೊಂಡು ಮುಂದೆ ಬಂದಾಗ ಹೊರಮೈ ಹೊರಗೇ ಇರುತ್ತದೆ, ಆದರೆ ಅಂಚು ಅದಲುಬದಲು. ಬೆನ್ನ ಹಿಂದೆ ಬಲಗಡೆ ಇದ್ದ ಅಂಚು ಎದೆಯ ಮೇಲೆ ಎಡಗಡೆಗೆ ಬರುತ್ತದೆ. ಬಲಗೈಯಲ್ಲಿದ್ದ ಎಳೆಗಳನ್ನು ಎಡಗೈ ತೆಗೆದುಕೊಳ್ಳಬೇಕು. ಎಡ ಹೆಗಲಾದರೂ ಇದೇ ಕಥೆ.

ಐದು ಕಾಲಿನ ಜಡೆಗೆ ಇದರಿಂದ ತೊಂದರೆ ಇಲ್ಲ. ಎರಡೂ ಕಡೆ ಒಂದೇ ನಿಯಮ. ಮೂರರ ಗುಂಪು ಯಾವ ಕೈಗೆ ಬಂದರೂ ಆ ಕೈಯದೇ ಸರದಿ. ಬೆರಳೆಣಿಕೆ ಅಕ್ಕನ ಲೆಕ್ಕ ಹಾಗೇ ನಡೆಯುತ್ತದೆ.

ನಾಲ್ಕು ಕಾಲಿನ ಚಪ್ಪಟೆ ಜಡೆ ಮಾತ್ರ ಮೋಸ ಮಾಡುತ್ತದೆ. ಅದರಲ್ಲಿ ಬಲ ಅಂಚಿನದು ಪಕ್ಕದ್ದನ್ನು ಹೊರಗಿನಿಂದ ದಾಟಿದರೆ, ಎಡ ಅಂಚಿನದು ಒಳಗಿನಿಂದ ಶುರು ಮಾಡಿ ಆಮೇಲೆ ಹೊರಗಿನಿಂದ ದಾಟಬೇಕು. ಎರಡು ಕಡೆಗೆ ಎರಡು ನಿಯಮ. ಆರಕ್ಕೂ ಹಾಗೇ. ಮುಂದಕ್ಕೆ ತಂದಾಗ ಕೈ ಬದಲಾದರೆ ನಿಯಮವೂ ಕೈ ಬದಲಾಯಿಸಬೇಕು. ಅದಕ್ಕೇ ಸ್ವಂತ ತಲೆಗೆ ಕಲಿಯುವವರಿಗೆ ನಾನು ಹೇಳುವುದು: ಮೂರು ಬಂತಾ, ನಾಲ್ಕನ್ನು ಹಾರಿ ಐದಕ್ಕೆ ಹೋಗಿ. ಸಂಖ್ಯೆ ಜಾಸ್ತಿ, ತಲೆನೋವು ಕಡಿಮೆ.

ಗಡ್ಡಜಡೆ

ನಾಲ್ಕರ ಬಗ್ಗೆ ಹಾಗನ್ನಬೇಡಿ. ಗುಂಡನೆಯ ನಾಲ್ಕು ಕಾಲಿನ ಜಡೆ ಗೊತ್ತಲ್ಲ? ಎಡ ಅಂಚಿನದು ಎರಡು ಎಳೆಯ ಹಿಂದೆ ಹೋಗಿ, ಒಂದರ ಮೇಲಿಂದ ವಾಪಸ್ ತನ್ನ ಕಡೆಗೇ ಬರುವುದು. ಬಲ ಅಂಚಿನದೂ ಅದೇ ರೀತಿ. ಎಡದ ಎರಡು ಯಾವಾಗಲೂ ಎಡದಲ್ಲೇ, ಬಲದ ಎರಡು ಬಲದಲ್ಲೇ ಉಳಿಯುತ್ತವೆ. ಎರಡೂ ಕೈಗೆ ಒಂದೇ ನಿಯಮ, ಎಳೆ ಕೈ ಬದಲಾಯಿಸಿ ಕಳೆದುಹೋಗುವ ಭಯವೂ ಇಲ್ಲ. ಜಡೆ ಹಗ್ಗದ ಹಾಗೆ ಗುಂಡಗೆ ಬರುತ್ತದೆ. ಗಾಡಿ ಓಡಿಸುವಾಗ ಹೆಲ್ಮೆಟ್ ಕೆಳಗೆ ಇದನ್ನು ಬಿಟ್ಟರೆ ಬೇರೆ ಯಾವುದೂ ನನಗೆ ಸಂಜೆಯವರೆಗೆ ನಿಂತಿಲ್ಲ. ಹೌದು, ನಾನು ಗಂಡಸು. ಕೂದಲು ಬೆನ್ನಿನ ಅರ್ಧಕ್ಕಿದೆ. ಮೊದಲ ಸಲ ಕಲಿಯುವಾಗ ಕೇಳೋಕೆ ಯಾರೂ ಇರಲಿಲ್ಲ, ಟವೆಲ್ಲನ್ನು ನಾಲ್ಕು ಸೀಳು ಮಾಡಿ ಬಾಗಿಲ ಹಿಡಿಗೆ ಕಟ್ಟಿ ಕಲಿತೆ. ಅಮ್ಮ ಇನ್ನೂ ಆ ಟವೆಲ್ ಹುಡುಕುತ್ತಿದ್ದಾರೆ.

ತೋಳು ನೋವಿಗೆ: ನಿಂತುಕೊಂಡು ಮಾಡಬೇಡಿ. ಕುರ್ಚಿಯಲ್ಲಿ ಉಲ್ಟಾ ಕೂತು ಬೆನ್ನೊರಗು ಎದೆಗೆ ಬರುವ ಹಾಗೆ ಮಾಡಿ, ಮೊಣಕೈ ಅದರ ಮೇಲೆ ಊರಿ ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ನೆತ್ತಿಯಿಂದ ಶುರು ಮಾಡುವ ಜಡೆ ಬೇಡ ಈಗಲೇ. ಕುತ್ತಿಗೆ ಹತ್ತಿರ ಒಂದು ರಬ್ಬರ್ ಬ್ಯಾಂಡ್ ಹಾಕಿ ಅದರ ಕೆಳಗಿಂದ ಶುರು ಮಾಡಿದರೆ ಕೈ ಅಷ್ಟು ಎತ್ತುವುದೇ ಬೇಡ. ಬುಡ ಗಟ್ಟಿ ಇರುವುದರಿಂದ ಮೊದಲ ಎರಡು ಸುತ್ತು ಸಡಿಲ ಬೀಳುವುದೂ ಇಲ್ಲ. ಇನ್ನೊಂದು, ತಲೆ ಒಂದು ಕಡೆ ತಿರುಗಿಸಿಕೊಂಡು ಹೆಣೆದರೆ ಜಡೆ ಸೊಟ್ಟಗೆ ಶುರುವಾಗುತ್ತದೆ, ಆಮೇಲೆ ಏನು ಮಾಡಿದರೂ ನೆಟ್ಟಗಾಗುವುದಿಲ್ಲ.

ಗುಂಗುರುತಲೆ

ನೇರ ಕೂದಲಿನವರ ಮಾತೇ ಆಯಿತು. ನನ್ನದು ಗುಂಗುರು. ಪುಟ್ಟ ರಬ್ಬರ್ ಬ್ಯಾಂಡ್ ನನ್ನ ತಲೆಗೆ ಹಾಕಿದರೆ ಕತ್ತರಿಸಿಯೇ ತೆಗೆಯಬೇಕು. ಎಳೆಗಳ ಮೇಲೆ ಬೆರಳು ಜಾರಿಸುವುದೂ ಆಗುವುದಿಲ್ಲ, ಗುಂಗುರು ಬಿಚ್ಚಿ ಹುಲ್ಲಿನ ಹೊರೆ ಥರ ಆಗುತ್ತದೆ. ನಾನು ಮಾಡುವುದು ಬೇರೆ. ಪ್ರತಿ ಎಳೆಗೂ ಒಂದೆರಡು ಹನಿ ಎಣ್ಣೆ ಸವರಿ, ಎಳೆಯನ್ನು ಒಂದೇ ದಿಕ್ಕಿಗೆ ಸಡಿಲವಾಗಿ ತಿರುಚಿಕೊಳ್ಳುತ್ತೇನೆ. ತಿರುಚಿದ ಎಳೆ ತಾನಾಗೇ ಒಂದಾಗಿರುತ್ತದೆ. ಆದರೆ ನಮಗೆ ಒಂದು ಲಾಭ ಇದೆ: ಕೈ ಬಿಟ್ಟರೂ ಜಡೆ ಬಿಚ್ಚಿಕೊಳ್ಳುವುದಿಲ್ಲ, ಕಾಯುತ್ತಾ ನಿಂತಿರುತ್ತದೆ.

ನೇರ ಕೂದಲಿನವರು ತಲೆ ಸ್ನಾನ ಮಾಡಿದ ದಿನವೇ ಕಲಿಯೋಕೆ ಕೂರಬೇಡಿ. ನನ್ನ ಗೆಳತಿಯ ಕೂದಲು ಹಾಗೇ ಜಾರುತ್ತದೆ, ಮಾರನೇ ದಿನ ಹೇಳಿದ ಮಾತು ಕೇಳುತ್ತದೆ.

ಮೂರೇಸಾಕು

ಒದ್ದೆ ಕೂದಲಲ್ಲಿ ಬಿಗಿಯಾಗಿ ಹೆಣೆದರೆ ಜಾರುವುದಿಲ್ಲ, ಒಣಗಿದ ಮೇಲೆ ಬಿಚ್ಚಿದರೆ ಅಲೆ ಅಲೆಯಾಗಿಯೂ ಇರುತ್ತದೆ. ನಾನು ಅದನ್ನೇ ಮಾಡುವುದು.

ನಿಧಾನಬಾಚು

ದಯವಿಟ್ಟು ಬೇಡ ರೀ. ಒದ್ದೆ ಕೂದಲು ಒಣ ಕೂದಲಿಗಿಂತ ಜಾಸ್ತಿ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ನೀರು ಒಳಗೆ ಹೋದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಸಡಿಲಗೊಳ್ಳುತ್ತವೆ, ಒಣಗುವಾಗ ಹೇಗೆ ಇದೆಯೋ ಹಾಗೆ ಮತ್ತೆ ಕಟ್ಟಿಕೊಳ್ಳುತ್ತವೆ. ನಿಮ್ಮ ಅಲೆ ಬರುವುದೂ ಅದಕ್ಕೇ, ತುಂಡಾಗುವುದೂ ಅದಕ್ಕೇ. ಅಲೆ ಬೇಕಿದ್ದರೆ ಮುಕ್ಕಾಲು ಒಣಗಿದ ಮೇಲೆ ಸಡಿಲವಾಗಿ ಹೆಣೆಯಿರಿ, ಅಷ್ಟೇ ಚಂದ ಬರುತ್ತದೆ.

ಕಲಿಯುವವರಿಗೆ ಇನ್ನೊಂದು ಮಾತು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 75 ಸೆಂಟಿಮೀಟರ್ ಉದ್ದದ ಕೂದಲಿನ ತುದಿ ಅಂದರೆ ಆರು ವರ್ಷ ಹಳೆಯದು. ಆರು ವರ್ಷ ತೊಟ್ಟ ಬಟ್ಟೆಯನ್ನು ಹೇಗೆ ಒಗೆಯುತ್ತೀರೋ ಹಾಗೆ ಅದನ್ನು ಮುಟ್ಟಬೇಕು. ದಿನಕ್ಕೆ ಹತ್ತು ಸಲ ಹೆಣೆದು ಬಿಚ್ಚಿ, ಸಿಟ್ಟಿನಲ್ಲಿ ಹಣಿಗೆ ಹಾಕಿ ಎಳೆದರೆ ಮೊದಲು ಹೋಗುವುದು ಅದೇ. ಅಭ್ಯಾಸ ದಾರದಲ್ಲಿ ಮಾಡಿ, ಪರೀಕ್ಷೆ ಮಾತ್ರ ಕೂದಲಲ್ಲಿ.

ಹೆಣೆದ ಮೇಲೆ ಹಣೆಯ ಅಂಚು, ಕಿವಿಯ ಹಿಂದೆ ನೋವಿದ್ದರೆ, ಸಣ್ಣ ಗುಳ್ಳೆ ಕಂಡರೆ ಅದು ಬಿಗಿ ಜಾಸ್ತಿಯಾಯಿತು ಅಂತ. ವರ್ಷಗಟ್ಟಲೆ ಹೀಗೇ ಎಳೆದರೆ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತದೆ, ಕೆಲವರಿಗೆ ಮತ್ತೆ ಬರುವುದೂ ಇಲ್ಲ. ನನ್ನ ಎಡಗಡೆ ಹಾಗಾಗಿದೆ. ಬಿಗಿ ಹೆಣಿಗೆಯಲ್ಲಿ ಇರಲಿ, ಬುಡದಲ್ಲಿ ಬೇಡ.

ಮೂರೇಸಾಕು

ಹೌದಾ. ನನಗೆ ಜಡೆ ಹಾಕಿದ ದಿನ ತಲೆನೋವು ಬರುತ್ತದೆ, ನಿದ್ದೆ ಕಡಿಮೆ ಅಂದುಕೊಂಡಿದ್ದೆ. ಇವತ್ತು ಸಡಿಲ ಮಾಡಿ ನೋಡುತ್ತೇನೆ.

ಸೊಂಟದುದ್ದ

ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ದಾರದಲ್ಲಿ ಮೂರು ದಿನ ಮಾಡಿದೆ, ಟಿವಿ ನೋಡಿಕೊಂಡು, ಕೈಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡು. ಕಾಣಬಾರದು ಅಂತ. ಆಮೇಲೆ ಕೂದಲನ್ನು ಒಂದು ಹೆಗಲ ಮೇಲೆ ತಂದುಕೊಂಡು ಮಾಡಿದೆ. ಸರಾಗ ಬಂತು. ಹಿಂದೆ ಹೋದರೆ ಮತ್ತೆ ಗಲಿಬಿಲಿ. ‘ಮೂರು ಇರುವ ಕೈ’ ಬಾಯಿಪಾಠ ಆಗಿದೆ, ಆದರೆ ಹೊರಗೆ ದಾಟಿದೆನೋ ಒಳಗೆ ದಾಟಿದೆನೋ ಅನ್ನುವ ಅನುಮಾನ.

ಮೊನ್ನೆ ಒಂದು ಉಪಾಯ ಹೊಳೆಯಿತು. ನಾಲ್ಕು ಎಳೆ ಕೂದಲು, ಐದನೆಯದಕ್ಕೆ ಸ್ಯಾಟಿನ್ ರಿಬ್ಬನ್. ಕುತ್ತಿಗೆಯ ರಬ್ಬರ್ ಬ್ಯಾಂಡಿಗೆ ರಿಬ್ಬನ್ ಕಟ್ಟಿ ನಡುವೆ ಬಿಟ್ಟೆ. ರಿಬ್ಬನ್ ನುಣುಪು, ತಣ್ಣಗೆ. ಬೆರಳಿಗೆ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಐದರಲ್ಲಿ ಒಂದನ್ನು ಗುರುತಿಸಿದರೆ ಉಳಿದ ನಾಲ್ಕು ಎಲ್ಲಿವೆ ಅಂತ ಲೆಕ್ಕ ಹಾಕುವುದು ಸುಲಭ ಆಯಿತು. ಅರ್ಧ ಬೆನ್ನಿನವರೆಗೆ ತಪ್ಪಿಲ್ಲದೆ ಬಂದಿದೆ. ಬಂದಿದೆ ಅಂದುಕೊಂಡಿದ್ದೇನೆ. ತಂಗಿ ಊರಲ್ಲಿಲ್ಲ, ನೋಡಿ ಹೇಳುವವರಿಲ್ಲ.

ಲೆಕ್ಕದಮಿಸ್

ರಿಬ್ಬನ್ ಇದೆಯಲ್ಲ, ತಂಗಿ ಯಾಕೆ ಬೇಕು? ಹೆಣಿಗೆ ತಪ್ಪಿದ್ದರೆ ಎಷ್ಟೋ ಸಲ ರಿಬ್ಬನ್ನೇ ಹೇಳುತ್ತದೆ.

ಮೂರು ಕಾಲಿನ ಜಡೆಯಲ್ಲಿ ಎಡ, ಬಲ, ಎಡ, ಬಲ ಅಂತ ಆರು ಸಲ ದಾಟಿಸಿದರೆ ಮೂರೂ ಎಳೆ ಶುರುವಿನಲ್ಲಿ ಎಲ್ಲಿದ್ದವೋ ಅಲ್ಲಿಗೇ ಬಂದಿರುತ್ತವೆ. ಐದು ಕಾಲಿಗೆ ಇದು ಹತ್ತು ಸಲ. ಬಲಗೈ ಐದು, ಎಡಗೈ ಐದು. ಕಾಗದದ ಮೇಲೆ 1, 2, 3, 4, 5 ಬರೆದು ದಾಟಿಸಿ ನೋಡಿ. ಬಲದಿಂದ ಒಮ್ಮೆ, ಎಡದಿಂದ ಒಮ್ಮೆ ಆದ ಮೇಲೆ 2, 5, 1, 3, 4 ಆಗುತ್ತದೆ. ಇದನ್ನೇ ಇನ್ನೂ ನಾಲ್ಕು ಸಲ ಮಾಡಿದರೆ ಮತ್ತೆ 1, 2, 3, 4, 5. ಅಂದರೆ ನಡುವಿನಿಂದ ಹೊರಟ ರಿಬ್ಬನ್ ಹತ್ತನೇ ದಾಟಿಗೆ ನಡುವಿಗೇ ಬಂದಿರಬೇಕು. ಬಂದಿಲ್ಲವಾ, ಎಲ್ಲೋ ಒಂದು ಎಳೆ ಬಿಟ್ಟಿದ್ದೀರಿ ಅಥವಾ ಒಂದೇ ಕಡೆಯಿಂದ ಎರಡು ಸಲ ಮಾಡಿದ್ದೀರಿ. ಹೊರಗಿನಿಂದ ದಾಟಬೇಕಾದದ್ದು ಒಳಗಿನಿಂದ ದಾಟಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ, ಅದನ್ನು ಸವರಿಯೇ ನೋಡಬೇಕು.

ಹುರಿಹಗ್ಗ ಅವರು ಹೇಳಿದ ಉಲ್ಟಾ ಜಡೆ ಓದಿ ಖುಷಿಯಾಯಿತು. ಎಮಿಲ್ ಆರ್ಟಿನ್ ಅನ್ನುವ ಗಣಿತಜ್ಞ 1925ರಲ್ಲಿ ಜಡೆಗಳ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದರು. ಪ್ರತಿ ದಾಟಿಗೂ ಒಂದು ಉಲ್ಟಾ ದಾಟು ಇದೆ, ಎರಡೂ ಒಂದರ ಹಿಂದೆ ಒಂದು ಬಂದರೆ ಸೊನ್ನೆ. ಕೆಳಗಿನ ಜಡೆ ಮೇಲಿನದನ್ನು ಅಳಿಸಿಹಾಕುವ ಜಡೆ. ಗಂಟು ಹಾಕಿದ ಎರಡು ತುದಿಯ ನಡುವೆ ಒಟ್ಟು ಲೆಕ್ಕ ಸೊನ್ನೆಯಾಗೇ ಉಳಿಯಬೇಕಲ್ಲ! ನಾನು ಇದನ್ನು ಕ್ಲಾಸಿನಲ್ಲಿ ನನ್ನ ಜಡೆ ಹಿಡಿದುಕೊಂಡೇ ತೋರಿಸುತ್ತೇನೆ. ಹುಡುಗರಿಗೆ ಲೆಕ್ಕ ಮರೆಯುತ್ತದೆ, ಜಡೆ ಮರೆಯುವುದಿಲ್ಲ.

ಸೊಂಟದುದ್ದ

ಮಿಸ್, ಈಗಲೇ ಮಾಡಿ ನೋಡಿದೆ. ಹತ್ತು ಎಣಿಸಿದೆ. ರಿಬ್ಬನ್ ನಡುವಿನಲ್ಲಿಲ್ಲ, ಬಲಕ್ಕಿದೆ. ಬಿಚ್ಚುತ್ತಾ ಬಂದೆ. ಆರನೆಯದರಲ್ಲಿ ಅಂಚಿನ ಎಳೆ ಒಂದನ್ನೇ ದಾಟಿ ನಿಂತಿದೆ, ಎರಡನೆಯದನ್ನು ದಾಟಿಯೇ ಇಲ್ಲ. ಅಲ್ಲಿ ಬೆರಳು ಇಟ್ಟರೆ ಒಂದು ಗುಳಿ ಥರ ಸಿಗುತ್ತದೆ. ಇಷ್ಟು ದಿನ ಆ ಗುಳಿ ಸಿಕ್ಕಾಗ ಕೂದಲು ತೆಳುವಾಗಿದೆ ಅಂದುಕೊಳ್ಳುತ್ತಿದ್ದೆ!

ಬೆರಳೆಣಿಕೆ

ಆ ಗುಳಿ ಮುಟ್ಟಿ ಗುರುತಿಸಿದಿರಲ್ಲ, ಇನ್ನು ಒಂದು ವಾರದಲ್ಲಿ ರಿಬ್ಬನ್ ಬೇಡವಾಗುತ್ತದೆ. ಸರಿಯಾಗಿ ಹೆಣೆದದ್ದರ ಮೇಲೆ ಬೆರಳಾಡಿಸಿದರೆ ಉಬ್ಬು, ತಗ್ಗು ಸಮನಾಗಿ ಸಿಗುತ್ತದೆ. ಪ್ರತಿ ಎರಡು ದಾಟಿಗೆ ಒಮ್ಮೆ ಹೆಬ್ಬೆರಳಿನಿಂದ ಸವರಿ ನೋಡುವುದು ನನಗಂತೂ ಅಭ್ಯಾಸ.

ಸೊಂಟದುದ್ದ

ಇನ್ನೊಂದು ಸಮಸ್ಯೆ. ಕೆಳಗಿನ ಒಂದು ಗೇಣಿನಲ್ಲಿ ಎಳೆಗಳು ಇಲಿಬಾಲ ಆಗುತ್ತವೆ. ಎರಡು ಎಳೆ ಮೊದಲೇ ಮುಗಿದುಹೋಗುತ್ತವೆ, ಮೂರು ಇನ್ನೂ ಉಳಿದಿರುತ್ತವೆ. ಕೂದಲಿಗೆ ಹಿಂದೆ ಲೇಯರ್ ಕಟ್ ಮಾಡಿಸಿದ್ದೆ.

ಗುಂಗುರುತಲೆ

ಐದರಲ್ಲೇ ಮುಗಿಸಬೇಕು ಅಂತ ಯಾರು ಹೇಳಿದರು? ಎಳೆ ತೆಳುವಾದ ಕೂಡಲೇ ಎರಡೂ ಅಂಚಿನದನ್ನು ಪಕ್ಕದ್ದರ ಜೊತೆ ಸೇರಿಸಿಬಿಡಿ. ಎಡದ ಎರಡು ಒಂದು, ನಡುವಿನದು ಒಂದು, ಬಲದ ಎರಡು ಒಂದು. ಮೂರು ಕಾಲಾಯಿತು. ಅಲ್ಲಿಂದ ನಿಮ್ಮ ನಿದ್ದೆಗಣ್ಣಿನ ಜಡೆ. ನೋಡಿದವರಿಗೆ ಐದು ಎಲ್ಲಿ ಮೂರಾಯಿತು ಅಂತ ಗೊತ್ತೇ ಆಗುವುದಿಲ್ಲ.

ಶುರುವಿನಲ್ಲಿ ಪಾಲು ಮಾಡುವಾಗಲೂ ಹಣಿಗೆ ಬೇಡ. ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸಿ ದಪ್ಪ ನೋಡಿ. ಎಲ್ಲರೂ ನಡುವಿನದನ್ನು ದಪ್ಪ ಮಾಡುತ್ತಾರೆ.

ಮೂರೇಸಾಕು

ಇಷ್ಟೆಲ್ಲ ಓದಿ ನಾನೂ ಕೂತೆ. ಐದು ಆಗಲಿಲ್ಲ. ಆದರೆ ಅಜ್ಜಿ ಹಾಕುತ್ತಿದ್ದ ಸಾವಿರಕಾಲು ಜಡೆ ನೆನಪಾಯಿತು. ಹೆಸರು ಸಾವಿರ, ಇರುವುದು ಎರಡೇ ಪಾಲು! ಒಂದು ಪಾಲಿನ ಹೊರ ಅಂಚಿನಿಂದ ಸಣ್ಣ ಎಳೆ ತೆಗೆದು ಆಚೆ ಪಾಲಿನ ಒಳಕ್ಕೆ ಸೇರಿಸುವುದು, ಆಮೇಲೆ ಆಚೆಯಿಂದ ಈಚೆಗೆ. ಕೈಗೊಂದು ಪಾಲು, ಕಳೆದುಹೋಗುವ ಪ್ರಶ್ನೆಯೇ ಇಲ್ಲ. ಮೊದಲ ಸಲವೇ ಬಂತು, ಅದೂ ಕಣ್ಣು ಮುಚ್ಚಿಕೊಂಡು. ಮುಕ್ಕಾಲು ಗಂಟೆ ಹಿಡಿಯಿತು ಅನ್ನುವುದು ಬೇರೆ ಮಾತು. ತಲೆನೋವು ಇಲ್ಲ.

ಎಡಚಿ

ಎಳೆ ಸ್ವಲ್ಪ ದಪ್ಪ ತೆಗೆದುಕೊಳ್ಳಿ, ಕಾಲು ಗಂಟೆಗೆ ಬರುತ್ತದೆ. ಹೆಸರು ಬದಲಾಯಿಸಿಕೊಳ್ಳಿ ಇನ್ನು.

ಮೂರೇಸಾಕು

‘ಎರಡೇಸಾಕು’ ಅಂತ ಮಾಡಿಕೊಳ್ಳಬೇಕು ಹಾಗಿದ್ದರೆ.

ಸೊಂಟದುದ್ದ

ಇವತ್ತು ರಿಬ್ಬನ್ ಇಲ್ಲದೆ ಹಾಕಿಕೊಂಡೆ. ಕುರ್ಚಿಯಲ್ಲಿ ಉಲ್ಟಾ ಕೂತು, ಕಣ್ಣು ಮುಚ್ಚಿ. ಒಂದು ಗೇಣಿಗೆ ಮುಂದಕ್ಕೆ ತಂದುಕೊಂಡೆ, ಮೂರರ ಗುಂಪು ಎಡಗೈಗೆ ಬಂತು, ಎಡಗೈಯಿಂದಲೇ ಮುಂದುವರಿಸಿದೆ. ಕೊನೆಯ ಗೇಣು ಮೂರು ಕಾಲು. ಹದಿನೆಂಟು ನಿಮಿಷ. ನಡುವೆ ಒಂದು ಕಡೆ ಹೆಬ್ಬೆರಳಿಗೆ ಗುಳಿ ಸಿಕ್ಕಿತು, ಬಿಚ್ಚೋಕೆ ಮನಸ್ಸು ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ.

ತಂಗಿ ಸಂಜೆ ಬಂದಳು. ಬಾಗಿಲಲ್ಲೇ ನಿಂತು ಹಿಂದೆ ತಿರುಗು ಅಂದಳು. ತಿರುಗಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬೆರಳು ಸರಿಯಾಗಿ ಆ ಗುಳಿಯ ಮೇಲೇ ಇಟ್ಟು, “ಇದು ಏನು?” ಅಂತ ಕೇಳಿದಳು.